ತೋಳ ಕಾಯುವ ಕೆಲಸ ನೋಡಲು ಹೋಗಿದ್ದೆ

ನನ್ನ ಮಗನ ಮಗಳು ಗಂಗಾವತಿ ಹತ್ತಿರ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಆ ಕೆಲಸ ಏನು ಎಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದವರಿಗೆ ಫಾರೆಸ್ಟ್ ಎನ್ನುತ್ತಿದ್ದೆವು. ಬಟ್ಟೆ ಖಾಕಿ ಇತ್ತು, ತಿಂಗಳಾದರೆ ಪಗಾರ ಬರುತ್ತಿತ್ತು. ಖಾಕಿ ಹಾಕಿದವರನ್ನು ಏನು ಮಾಡುತ್ತೀ ಎಂದು ಕೇಳುವ ರೂಢಿ ನಮಗಿಲ್ಲ.

ಕೇಳಿದವಳು ಬೀಗತಿಯಾಗಬೇಕಿದ್ದ ಹೆಂಗಸು. ಯಲಬುರ್ಗಾ ಕಡೆಯಿಂದ ಹುಡುಗಿಯನ್ನು ನೋಡಲು ಬಂದಿದ್ದರು. ಹುಡುಗ ಸಾಲಿ ಮಾಸ್ತರ, ಮಾತು ಕಡಿಮೆ, ನನಗೆ ಅಡ್ಡಿ ಇಲ್ಲ ಅನ್ನಿಸಿತು. ಅವಲಕ್ಕಿ ತಿಂದು ಚಹಾ ಕುಡಿದ ಮೇಲೆ ಹುಡುಗನ ತಾಯಿ ಕಪ್ಪು ಕೆಳಗಿಟ್ಟು ಕೇಳಿದಳು.

"ಹುಡುಗಿ ಕೆಲಸ ಏನ್ರಿ?"

"ಫಾರೆಸ್ಟಿನ್ಯಾಗ ಅದಾಳ್ರಿ," ಎಂದ ನನ್ನ ಮಗ.

"ಅದು ಗೊತ್ತೈತ್ರಿ. ಅಲ್ಲಿ ಏನ್ ಮಾಡ್ತಾಳ?"

ಮಗ ಹೆಂಡತಿಯ ಮುಖ ನೋಡಿದ. ಸೊಸೆ ನನ್ನ ಮುಖ ನೋಡಿದಳು. ನಾನು ಅವಲಕ್ಕಿಯ ತಾಟು ನೋಡಿದೆ. ಬಾಗಿಲ ಬಳಿ ನಿಂತಿದ್ದ ಹುಡುಗಿಯೇ ಹೇಳಿದಳು.

"ತೋಳ ಕಾಯ್ತೀನ್ರಿ."

"ತೋಳ ಬರದಂಗ ಕಾಯ್ತೀಯೇನವಾ?"

"ಅಲ್ರಿ. ತೋಳಕ್ಕ ಯಾರೂ ಏನೂ ಮಾಡದಂಗ ಕಾಯ್ತೀನಿ."

ಆ ಹೆಂಗಸು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಹೊರಡುವಾಗ ನನ್ನ ಮಗನನ್ನು ಅಂಗಳಕ್ಕೆ ಕರೆದು ಹೇಳಿದಳು: "ಹುಡುಗಿ ಛಲೋ ಅದಾಳ್ರಿ. ಆದ್ರ ಅಡವ್ಯಾಗ ಒಬ್ಬಾಕೀನ ತಿರಗೋ ಕೆಲಸ ನಮ್ಮ ಮನಿಗೆ ಹೊಂದೂದಿಲ್ಲ. ಅದನ್ನ ಬಿಡತಾಳ ಅಂದ್ರ ಮುಂದಿನ ಮಾತು. ಸೋಮವಾರ ಫೋನ್ ಮಾಡ್ರಿ."

ಹುಡುಗಿ ಬಿಡುವುದಿಲ್ಲ ಎಂದಳು. ಅಪ್ಪ ಒದರಾಡಿದ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಒಂದು ತಾಸು ಇದೇ ನಡೆದು, ಕೊನೆಗೆ ನನ್ನ ಮಗ ನನ್ನ ಕಡೆ ತಿರುಗಿದ.

"ಯವ್ವಾ, ನೀ ಹೋಗಿ ಕಣ್ಣಾರೆ ನೋಡಿ ಬಾ. ಅದು ಕೆಲಸ ಹೌದೋ ಅಲ್ಲೋ ನೀನ ಹೇಳು. ನೀ ಇರಲಿ ಅಂದ್ರ ಇರಲಿ, ಬ್ಯಾಡ ಅಂದ್ರ ಬಿಡಸ್ತೀನಿ. ನಾನೂ ಆಕೀನೂ ಇಬ್ಬರೂ ಅದಕ್ಕ ಒಪ್ಪಬೇಕು."

ಹುಡುಗಿಯೂ ಒಪ್ಪಿದಳು. ನನ್ನನ್ನೇ ಯಾಕೆ ಆರಿಸಿದರು ಎಂದರೆ, ನಾನು ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು. ಮೂರನೆಯ ತರಗತಿಗೆ ಸಾಲಿ ಬಿಡಿಸಿ ಕುರಿ ಹಿಂದೆ ಕಳಿಸಿದ್ದರು. ಮದುವೆಯಾಗಿ ಕುಷ್ಟಗಿ ಕಡೆಯ ಈ ಒಕ್ಕಲುತನದ ಮನೆಗೆ ಬರುವವರೆಗೂ ಅಡವಿಯಲ್ಲೇ ಇದ್ದೆ. ತೋಳದ ವಿಷಯ ನನಗೆ ತಿಳಿದಿದೆ ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಶನಿವಾರ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೀಟು ಪುಕ್ಕಟೆ, ಅದಕ್ಕೇ ಬಸ್ಸಿನ ತುಂಬ ನಮ್ಮಂಥವರೇ. ನಮಗೆ ದೊಡ್ಡ ಊರು ಎಂದರೆ ಗಂಗಾವತಿ. ಅಕ್ಕಿ ಗಿರಣಿ, ಲಾರಿ, ಬಟ್ಟೆ ಅಂಗಡಿ, ಧೂಳು. ಹುಡುಗಿ ಅಲ್ಲಿ ಒಂದು ಖೋಲಿ ಹಿಡಿದಿದ್ದಾಳೆ. ಮರುದಿನ ನಸುಕಿನಲ್ಲೇ ನನ್ನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೊರಟಳು. ಗದ್ದೆಗಳು ಮುಗಿದವು, ಕಾಲುವೆಯೂ ಮುಗಿಯಿತು, ಕೆಂಪು ಕಲ್ಲುನೆಲದ ಮರಡಿ ಶುರುವಾಯಿತು. ಒಂದು ಬೋರ್ಡಿನ ಮುಂದೆ ಗಾಡಿ ನಿಲ್ಲಿಸಿದಳು. ಬೋರ್ಡಿನಲ್ಲಿ ತೋಳದ ಚಿತ್ರವಿತ್ತು.

"ಇಳಿ ಅಮ್ಮ, ಬಂತು," ಎಂದಳು. ನಮ್ಮ ಕಡೆ ಹೆತ್ತವಳು ಅವ್ವ, ಅಜ್ಜಿ ಅಮ್ಮ.

"ಕಾಡು ಎಲ್ಲೈತಿ?"

"ಇದ ಕಾಡು."

ನಾನು ಸುತ್ತ ನೋಡಿದೆ. ಒಣಹುಲ್ಲು. ನಡುವೆ ಗುಂಡುಗಲ್ಲು. ಅಲ್ಲೊಂದು ಜಾಲಿ, ಇಲ್ಲೊಂದು ಬಾರಿಗಿಡ. ನಮ್ಮೂರಿನಲ್ಲಿ ಇಂಥದ್ದಕ್ಕೆ ಬೀಳು ಎನ್ನುತ್ತೇವೆ. ಉಳುಮೆಯಾಗದ ನೆಲ, ಯಾರಿಗೂ ಬೇಡವಾದದ್ದು. ಇದಕ್ಕೆ ಬೋರ್ಡು ಹಾಕಿ ಕಾಯಲು ಹುಡುಗಿಯರನ್ನು ಇಟ್ಟಿದ್ದಾರೆ ಎಂದರೆ ನನಗೆ ಅರ್ಥವಾಗಲಿಲ್ಲ. ಗಿಡ ಇದ್ದರೆ ಗಿಡ ಕಡಿಯದಂತೆ ಕಾಯಬಹುದು. ಇಲ್ಲಿ ಏನನ್ನು ಕಡಿಯುತ್ತಾರೆ?

"ಇದು ಬೀಳು," ಎಂದೆ.

"ಬೀಳನ ತೋಳಕ್ಕ ಬೇಕು. ದಟ್ಟ ಕಾಡಾದ್ರ ಅದು ಇರೂದಿಲ್ಲ."

ಅದು ನಿಜ. ನಾನು ತೋಳ ಕಂಡದ್ದೆಲ್ಲ ಬೀಳಿನಲ್ಲೇ. ಆದರೆ ಅದನ್ನು ಒಂದು ದೊಡ್ಡ ಸಂಗತಿ ಎಂದು ಯಾರೂ ಎಣಿಸಿರಲಿಲ್ಲ.

ಹುಡುಗಿ ಕೆಲಸ ಶುರು ಮಾಡಿದಳು. ಕಾಲುದಾರಿ ಹಿಡಿದು ನೆಲ ನೋಡುತ್ತಾ ನಡೆದಳು, ನಾನು ಹಿಂದೆ. ಸ್ವಲ್ಪ ಹೊತ್ತಿಗೆ ಕುಕ್ಕರುಗಾಲಲ್ಲಿ ಕೂತಳು. ಏನೋ ಸಿಕ್ಕಿತು ಎಂದು ನಾನೂ ಬಗ್ಗಿದೆ. ಸಿಕ್ಕಿದ್ದು ಒಣಗಿದ ಹೇಲು. ಅದನ್ನು ಕಡ್ಡಿಯಿಂದ ಮುರಿದಳು, ಒಳಗಿನ ಕೂದಲು ನೋಡಿದಳು, ಫೋನಿನಲ್ಲಿ ಫೋಟೋ ತೆಗೆದಳು, ಒಂದು ಪಾಕೀಟಿನಲ್ಲಿ ಹಾಕಿ ಮೇಲೆ ತಾರೀಖು ಬರೆದಳು.

"ಇದಕ್ಕೇನ ನಿಮ್ಮಪ್ಪ ನಿನ್ನ ಕಾಲೇಜಿಗೆ ಹಚ್ಚಿದ್ದು?"

"ಅಮ್ಮ, ಇದರಾಗ ಮೊಲದ ಕೂದಲ ಐತಿ. ತೋಳ ಕುರಿ ಒಂದ ತಿಂತೈತಿ ಅಂತ ಎಲ್ಲಾರೂ ಅಂತಾರಲ್ಲ, ಅದು ಸುಳ್ಳು."

"ಸುಳ್ಳಾದ್ರ ಸುಳ್ಳು. ಅದನ್ನ ಹೇಲಿನ್ಯಾಗ ನೋಡಿ ಹೇಳಬೇಕೇನು?"

"ಮತ್ತೆಲ್ಲಿ ನೋಡಬೇಕು, ನೀನ ಹೇಳು."

ಸೋಮವಾರ ಮಗನಿಗೆ ಏನು ಹೇಳುವುದು ಎಂದು ಆಗಲೇ ಯೋಚನೆ ಹತ್ತಿತು. ನಿನ್ನ ಮಗಳು ಖಾಕಿ ಹಾಕಿಕೊಂಡು ತೋಳದ ಹೇಲು ಮುರಿಯುತ್ತಾಳೆ ಎಂದು ಹೇಳಿದರೆ ಅವನು ಅಂದೇ ಹೋಗಿ ಕರೆತರುತ್ತಾನೆ. ಆ ಯಲಬುರ್ಗಾದವರಿಗೆ ಇದು ತಿಳಿಯುವುದಂತೂ ಬೇಡವೇ ಬೇಡ.

ಅಷ್ಟರಲ್ಲಿ ಒಂದು ಕಾರು ಬಂತು. ಬೆಂಗಳೂರಿನ ಗಂಡ ಹೆಂಡತಿ, ತೋಳ ನೋಡಲು ಬಂದವರು. ಪರವಾನಿಗೆ ಚೀಟಿ ತಂದಿದ್ದರು. ಗಂಡನ ಕೊರಳಲ್ಲಿ ತೊಟ್ಟಿಲ ಕೂಸಿನಷ್ಟು ಉದ್ದದ ಕ್ಯಾಮೆರಾ. ಹೆಂಡತಿ ಹುಲ್ಲು ನೋಡಿ, "ಎಷ್ಟು ಚೆನ್ನಾಗಿದೆ ಅಲ್ವಾ" ಎಂದು ಪಿಸುಗುಟ್ಟಿದಳು. ಒಣಹುಲ್ಲಿಗೆ ಯಾಕೆ ಪಿಸುಗುಡುತ್ತಾಳೆ ಎಂದು ನಾನು ಹಿಂದೆ ತಿರುಗಿ ನೋಡಿದೆ, ಯಾರಾದರೂ ಮಲಗಿದ್ದಾರೆಯೋ ಎಂದು. ಯಾರೂ ಇರಲಿಲ್ಲ.

ಮೊಮ್ಮಗಳು ನಮ್ಮನ್ನೆಲ್ಲ ಒಂದು ಗುಂಡುಗಲ್ಲಿನ ಮರೆಯಲ್ಲಿ ಕೂರಿಸಿದಳು. ಮಾತಾಡಬಾರದು, ಕೈ ಆಡಿಸಬಾರದು, ಕೆಮ್ಮಬಾರದು. ನಾಲ್ಕು ಮಂದಿ ವಯಸ್ಸಿಗೆ ಬಂದವರು ಬಿಸಿಲು ಏರುವವರೆಗೆ ಕಲ್ಲಿನ ಹಿಂದೆ ಸುಮ್ಮನೆ ಕೂತೆವು. ನನ್ನ ಆಯುಷ್ಯದಲ್ಲಿ ಅಷ್ಟು ಹೊತ್ತು ಕೈಯಲ್ಲಿ ಕೆಲಸವಿಲ್ಲದೆ ಕೂತದ್ದು ಬಾಣಂತನದಲ್ಲೂ ಇಲ್ಲ. ಕೆಳಗೆ ಬಿದ್ದಿದ್ದ ಬಾರಿಹಣ್ಣು ಆರಿಸಿ ತಿನ್ನೋಣ ಎಂದರೆ ಅದಕ್ಕೂ ಹುಡುಗಿ ಕಣ್ಣು ಬಿಟ್ಟಳು.

ತೋಳವನ್ನು ಮೊದಲು ಕಂಡವಳು ನಾನೇ. ಜಾಲಿಯ ಆಚೆ ಹುಲ್ಲು ಗಾಳಿಗೆ ಆಡುವುದು ಒಂದು ರೀತಿ, ಅದರೊಳಗೆ ಯಾವುದಾದರೂ ನಡೆದರೆ ಆಡುವುದು ಬೇರೆ ರೀತಿ. ಎರಡು ಕಿವಿ ಎದ್ದವು. ಆಮೇಲೆ ಆ ಬೂದು ಮುಖ.

ನಮ್ಮ ತವರಿನ ಕುರಿದಡ್ಡಿಯಲ್ಲಿ ಒಂದು ಕಟ್ಟಳೆ ಇತ್ತು. ತೋಳವನ್ನು ಮೊದಲು ಕಂಡವರು ಕೂಗಲೇಬೇಕು. ಕಂಡೂ ಕೂಗದವರಿಗೆ ಅಂದು ಸಂಜೆ ರೊಟ್ಟಿ ಇಲ್ಲ. ಹಾಗೆ ಒಮ್ಮೆ ನಾನು ಹಸಿದು ಮಲಗಿದ್ದೇನೆ, ಹೆದರಿ ಬಾಯಿ ಬಿಡದೆ ನಿಂತದ್ದಕ್ಕೆ. ಆ ಕಟ್ಟಳೆ ನನ್ನ ಮೈಯಲ್ಲಿ ಇನ್ನೂ ಇದೆ ಎಂದು ನನಗೇ ಗೊತ್ತಿರಲಿಲ್ಲ. ಎದ್ದು ನಿಂತೆ. ಕಲ್ಲು ಕೈಗೆ ಬಂತು.

"ತೋಳ ಬಂತಲೋ! ಹಿಡೀ! ಹಿಡೀ! ಹೋಯ್!"

ಕಲ್ಲು ಬೀಸಿದೆ. ಈ ವಯಸ್ಸಿಗೆ ಅದು ಎಷ್ಟು ದೂರ ಹೋದೀತು, ಹತ್ತು ಮಾರು. ಆದರೆ ಕೂಗು ಹೋಯಿತು. ತೋಳ ಒಂದು ಸಲ ನನ್ನ ಕಡೆ ನೋಡಿತು, ತಿರುಗಿತು, ಇಲ್ಲವಾಯಿತು.

ಬೆಂಗಳೂರಿನ ಹೆಂಗಸು ಅಳುವಂತಾಗಿದ್ದಳು.

"ಅಜ್ಜಿ, ಯಾಕ್ ಹೀಗ್ ಮಾಡಿದ್ರಿ? ನಾವು ಅಷ್ಟು ದೂರದಿಂದ ಬಂದಿದ್ವಿ," ಎಂದ ಗಂಡ. ಕ್ಯಾಮೆರಾದ ಮುಚ್ಚಳ ಇನ್ನೂ ಅವನ ಕೈಯಲ್ಲಿತ್ತು.

"ತೋಳ ಕಂಡ್ರ ಸುಮ್ನಿರ್ತಾರೇನ್ರಿ?" ಎಂದೆ. ನಾನು ತಪ್ಪು ಮಾಡಿದೆ ಎಂದು ನನಗೆ ಅನ್ನಿಸಿರಲಿಲ್ಲ. ಮಾಡಬೇಕಾದದ್ದನ್ನು ಮಾಡಿದ್ದಕ್ಕೆ ಬೈಸಿಕೊಳ್ಳುತ್ತಿದ್ದೇನೆ ಎಂದೇ ಅನ್ನಿಸಿತ್ತು.

ಮೊಮ್ಮಗಳು ಅವರಿಗೆ ಕೈಮುಗಿದಳು. "ತಪ್ಪಾತ್ರಿ ಸರ್. ಇವರು ನಮ್ಮ ಅಮ್ಮ. ಕುರಿ ಕಾದವರು. ಇವತ್ತ ಇನ್ನ ಬರೂದಿಲ್ಲ ಅದು, ನಾಳೆ ನಸುಕಿನ್ಯಾಗ ಬರ್ರಿ, ನಾನ ಕರಕೊಂಡು ಹೋಗ್ತೀನಿ." ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ.

"ನಾಲ್ಕು ದಿನ ಆಗಿತ್ತು ಅದು ಕಾಣದ. ಮರಿ ಹಾಕೈತೋ ಏನೋ ನೋಡಬೇಕಿತ್ತು ನಾನು. ಓಡಸಿಬಿಟ್ಟಿ."

"ಓಡಸೂದ ನನ್ನ ಕೆಲಸ ಆಗಿತ್ತು."

"ಓಡಿಸಿದ್ದನ್ನ ತಿರುಗಿ ಕರಿಯೂದು ನನ್ನ ಕೆಲಸ," ಎಂದು ಮುಂದೆ ನಡೆದಳು.

ನನಗೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ತಿಳಿಯಲಿಲ್ಲ. ನಾನು ಮಾಡಿದ್ದು ಕೆಲಸವಾದರೆ ಇವಳದು ಕೆಲಸವಲ್ಲ. ಇವಳದು ಕೆಲಸವಾದರೆ, ನಾನು ಹುಡುಗಿಯಾಗಿದ್ದಾಗ ಮಾಡಿದ್ದೆಲ್ಲ ಏನು? ಎರಡೂ ಒಂದೇ ನೆಲದ ಮೇಲೆ ಹೇಗೆ ನಡೆಯುತ್ತವೆ? ನೀರು ಕುಡಿದೆ. ತಲೆ ತಿಳಿಯಾಗಲಿಲ್ಲ.

ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಕೊಂಡು ಇಬ್ಬರೂ ತಿನ್ನುತ್ತಿದ್ದಾಗ ಒಬ್ಬ ಕುರಿಯವನು ಬಂದ. ಐವತ್ತರ ಆಸುಪಾಸು. ಹೆಗಲ ಮೇಲೆ ಕಂಬಳಿಯಲ್ಲಿ ಏನೋ ಸುತ್ತಿಕೊಂಡಿದ್ದ. ತಂದು ಹುಡುಗಿಯ ಮುಂದೆ ಇಳಿಸಿದ. ಸತ್ತ ಕುರಿಮರಿ.

"ನೋಡವಾ, ನಿನ್ನ ತೋಳ ಮಾಡಿದ್ದು. ಇನ್ನೆರಡು ಕುರಿ ಬದುಕ್ಯಾವ, ತೊಡಿ ಹರಿದಾವ. ಇನ್ನೂ ಕಾಯಿ ಅದನ್ನ, ಹಾಲೂ ಕುಡಸು."

ಅವನ ಇನ್ನೊಂದು ಕೈಯಲ್ಲಿ ಬಾಟಲಿ ಇತ್ತು. ಹತ್ತಿಗೆ ಹೊಡೆಯುವ ಕೀಟನಾಶಕ, ನಮ್ಮ ಕಡೆ ಅದಕ್ಕೆ ಎಣ್ಣೆ ಎನ್ನುತ್ತಾರೆ. ಅದು ಯಾತಕ್ಕೆ ಎಂದು ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಸತ್ತ ಮರಿಯ ಹೊಟ್ಟೆಗೆ ಎಣ್ಣೆ ಸುರಿದು ಬೀಳಿನಲ್ಲಿ ಇಟ್ಟರೆ, ಅದನ್ನು ತಿಂದ ತೋಳ ಸಾಯುತ್ತದೆ. ನರಿ, ಹದ್ದು, ಏನು ತಿಂದರೂ ಸಾಯುತ್ತವೆ.

ಹುಡುಗಿ ರೊಟ್ಟಿ ಕೆಳಗಿಟ್ಟು ಮರಿಯನ್ನು ಹೊರಳಿಸಿದಳು. ಕೊರಳು ಮುಟ್ಟಿದಳು, ಹಿಂಗಾಲು ಎತ್ತಿದಳು.

"ಕಾಕಾ, ಇದು ತೋಳ ಅಲ್ಲ. ನಾಯಿ."

"ನಿನ್ನೆ ಮೊನ್ನೆ ಹುಟ್ಟಿದಾಕಿ ನನಗ ಹೇಳ್ತೀಯೇನು? ನಿನಗ ಪಗಾರ ಕೊಡೂದ ತೋಳ. ಅದರ ಪರ ಮಾತಾಡದ ಯಾರ ಪರ ಮಾತಾಡ್ತಿ?" ನನ್ನ ಕಡೆ ನೋಡಿದ. "ಯಕ್ಕಾ, ನೀ ಯಾರು?"

ನಾನು ತವರೂರಿನ ಹೆಸರು ಹೇಳಿದೆ. ಅವನ ಮುಖ ಅರಳಿತು. ಆ ಊರಿನ ಕುರಿಯವರನ್ನು ಅವನು ಬಲ್ಲ.

"ಹಂಗಾದ್ರ ನಮ್ಮಾಕಿನ ನೀ. ಹೇಳಕ್ಕಾ, ತೋಳೋ ನಾಯೋ? ನೀ ಏನ್ ಅಂತಿ ಅದ ಖರೇ."

ಹುಡುಗಿ ನನ್ನ ಮುಖ ನೋಡಿದಳು. ಅಂಗಲಾಚಲಿಲ್ಲ, ಸನ್ನೆ ಮಾಡಲಿಲ್ಲ. ಸುಮ್ಮನೆ ನೋಡಿದಳು.

ನಾನು ಬಗ್ಗಿದೆ. ನೋಡುವುದೇನಿತ್ತು? ಕೊರಳಲ್ಲಿ ಗಾಯವಿಲ್ಲ. ಹಿಂದಿನ ತೊಡೆ ಚಿಂದಿ ಚಿಂದಿ. ಹೊಟ್ಟೆ ಹರಿದಿದೆ, ತಿಂದಿಲ್ಲ. ತೋಳ ಕೊರಳು ಹಿಡಿಯುತ್ತದೆ, ಎತ್ತಿಕೊಂಡು ಹೋಗುತ್ತದೆ, ಬಿಟ್ಟು ಹೋಗುವುದಿಲ್ಲ. ಹಿಂದಿನಿಂದ ಅಟ್ಟಿಸಿಕೊಂಡು ಹರಿದು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ನಾಯಿ. ನನ್ನಪ್ಪ ಇದನ್ನು ನನಗೆ ತೋರಿಸಿದಾಗ ನನಗೆ ಎಂಟೋ ಒಂಬತ್ತೋ.

ತಿಳಿದದ್ದು ಅಷ್ಟು. ಹೇಳುವುದು ಏನು ಎಂದು ಮಾತ್ರ ಗೊಂದಲಕ್ಕೆ ಬಿದ್ದೆ. ತೋಳ ಎಂದರೆ ಈ ಕುರಿಯವನ ಮುಂದೆ ಹುಡುಗಿಯ ಮಾತು ಬಿದ್ದುಹೋಗುತ್ತದೆ. ನಾಳೆಯಿಂದ ಈ ಮರಡಿಯಲ್ಲಿ ಯಾರೂ ಅವಳ ಮಾತು ಕೇಳುವುದಿಲ್ಲ. ಅವಳೇ ಬೇಸತ್ತು ಬಿಟ್ಟು ಬರುತ್ತಾಳೆ, ಯಲಬುರ್ಗಾಕ್ಕೆ ಫೋನು ಹೋಗುತ್ತದೆ, ಮದುವೆಯಾಗುತ್ತದೆ, ಸೊಸೆ ಮೂಗು ಒರೆಸುವುದು ನಿಲ್ಲುತ್ತದೆ. ಒಂದು ಮಾತಿಗೆ ಎಲ್ಲ ಸರಿಹೋಗುತ್ತಿತ್ತು. ಹುಡುಗ ಒಳ್ಳೆಯವನೇ ಆಗಿದ್ದ. ಇತ್ತ ಈ ಕುರಿಯವನೂ ನನ್ನವನೇ, ಅವನ ಮರಿ ಸತ್ತದ್ದೂ ನಿಜವೇ.

"ನಾಯಿ," ಎಂದೆ.

"ಯಕ್ಕಾ!"

"ಯಕ್ಕ ಅಂದ್ರ ತೋಳ ಆಗ್ತೈತೇನು? ಕೊರಳ ನೋಡು. ಹಲ್ಲು ಎಲ್ಲಿ ಬಿದ್ದೈತಿ? ತೋಳ ಇಂಥಾ ಹೊಲಸ ಕೆಲಸ ಮಾಡೂದಿಲ್ಲ. ನಿನಗೂ ಗೊತ್ತೈತಿ. ಸಿಟ್ಟಿಗೆ ಎಣ್ಣಿ ಹಿಡಕೊಂಡು ಬಂದಿ."

ಅವನು ರಸ್ತೆಯ ಕಡೆ ನೋಡುತ್ತಾ, "ಆ ಕೋಳಿ ಅಂಗಡಿಯವರು ಕಸ ತಂದು ಸುರೀತಾರ. ಅದನ್ನ ತಿಂದು ಊರ ನಾಯಿ ಎಲ್ಲಾ ಇತ್ತ ಬರಾಕ ಹತ್ಯಾವ," ಎಂದ. ಅದು ಅವನಿಗೆ ಮೊದಲೇ ಗೊತ್ತಿತ್ತು.

"ಅದನ್ನ ಹೇಳ್ರಿ ಕಾಕಾ ನನಗ," ಎಂದಳು ಹುಡುಗಿ. "ಎಲ್ಲಿ, ಯಾವ ಹೊತ್ತಿಗೆ, ಎಷ್ಟು ನಾಯಿ, ಎಲ್ಲಾ ಬರಕೋತೀನಿ. ಮೊದಲ ಈ ಮರಿ ಹೂಳೂಣ ನಡೀರಿ."

ಮಣ್ಣು ಗಟ್ಟಿ ಇತ್ತು. ಅವನು ತನ್ನ ಕೊಡಲಿಯಿಂದ ಕೆದರಿದ, ಅವಳು ಕೈಯಿಂದ ಮಣ್ಣು ತೆಗೆದಳು. ಮೇಲೆ ಕಲ್ಲು ಹೇರಿದರು. ಬಾಟಲಿ ಕೊಡಿ ಎಂದು ಕೈಚಾಚಿದಳು. ಕೊಡಲಿಲ್ಲ. ಅವಳು ಕೈ ಹಿಂದೆ ತೆಗೆಯಲೂ ಇಲ್ಲ. ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಅವನೇ, "ಹಿಡಿಯವಾ, ನಿನ್ನ ಹಟ ನನಗ್ಯಾಕ ಬೇಕು," ಎಂದು ಕೊಟ್ಟು ಹೋದ. ಹೋಗುವಾಗ ನನ್ನನ್ನು ಮಾತಾಡಿಸಲಿಲ್ಲ.

ಸ್ಕೂಟಿಯ ಮೇಲೆ ಬರುವಾಗ ಹುಡುಗಿ ಕೇಳಿದಳು.

"ಅಪ್ಪಗ ಏನ್ ಹೇಳ್ತಿ?"

"ಗೊತ್ತಿಲ್ಲ."

"ನೋಡೀಯಲ್ಲ ಎಲ್ಲಾ."

"ನೋಡೇನಿ. ತಿಳಿದಿಲ್ಲ."

ಸುಳ್ಳಲ್ಲ. ನಾನು ನೋಡಿದ್ದನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಹೇಲು ಮುರಿಯುವುದು, ಕಲ್ಲಿನ ಹಿಂದೆ ಕೂರುವುದು, ಸತ್ತ ಮರಿ ಹೂಳುವುದು, ಕುರಿಯವನ ಮುಂದೆ ಕೈಚಾಚಿ ನಿಲ್ಲುವುದು. ಇವೆಲ್ಲ ಸೇರಿ ಒಂದು ಕೆಲಸವಾಗುತ್ತದೆಯೇ? ಕುರಿ ಕಾದರೆ ಉಣ್ಣೆ ಬರುತ್ತದೆ, ಗೊಬ್ಬರ ಬರುತ್ತದೆ. ಇವಳು ಕಾದರೆ ಏನು ಬರುತ್ತದೆ? ತೋಳ ಇದ್ದಲ್ಲೇ ಇರುತ್ತದೆ, ಅಷ್ಟೇ. ಇದ್ದದ್ದು ಇದ್ದ ಹಾಗೆ ಇರುವುದಕ್ಕೆ ಒಬ್ಬಳು ದಿನವೆಲ್ಲ ದುಡಿಯಬೇಕೇ? ಬಸ್ಸಿನಲ್ಲಿ ಕುಷ್ಟಗಿ ಬರುವವರೆಗೂ ಇದನ್ನೇ ತಿರುವಿ ಹಾಕಿದೆ. ಪಕ್ಕದ ಹೆಂಗಸು ಎರಡು ಸಲ ಊರು ಯಾವುದು ಎಂದು ಕೇಳಿದಳಂತೆ, ನನಗೆ ಕೇಳಿಸಲಿಲ್ಲ.

ಸೋಮವಾರ ಬೆಳಿಗ್ಗೆ ಮಗ ಫೋನು ಕೈಯಲ್ಲಿ ಹಿಡಿದು ನನ್ನ ಮುಂದೆ ಕೂತ. ಸೊಸೆ ಒಲೆಯ ಮುಂದಿನಿಂದ ಎದ್ದು ಬಂದಳು.

"ಹೇಳವ್ವಾ. ಅದು ಕೆಲಸ ಹೌದೇನು?"

"ನನಗ ತಿಳೀಲಿಲ್ಲ."

"ಹಂಗಾದ್ರ ಬಿಡಸೂದ?"

"ಬಿಡಸಬ್ಯಾಡ."

"ಇದ್ಯಾವ ನ್ಯಾಯ ಯವ್ವಾ? ತಿಳೀಲಿಲ್ಲ ಅಂತಿ, ಬಿಡಸಬ್ಯಾಡ ಅಂತಿ."

"ಕುರೀನ ಯಾವ ಪ್ರಾಣಿ ಹರೀತು ಅಂತ ಆಕಿ ಹೇಳಿದ್ದು ಖರೇ ಇತ್ತು. ಎಣ್ಣಿ ಬಾಟ್ಲಿ ಹಿಡಿದಾವನ ಮುಂದ ಹೆದರಲಿಲ್ಲ. ನನಗ ಅಷ್ಟ ತಿಳೀತು. ಉಳಿದದ್ದು ತಿಳೀಲಿಲ್ಲ. ತಿಳೀದ ವಿಷಯಕ್ಕ ಆಕೀನ್ನ ಯಾಕ ಬಿಡಸಲಿ ನಾನು?"

ಸೊಸೆ ತಟಕ್ಕನೆ ಒಳಗೆ ಹೋದಳು. ಪಾತ್ರೆಗಳ ಸಪ್ಪಳ ಕೇಳಿಸಿತು. ಮಗ ತನ್ನ ಮಾತಿಗೆ ನಿಂತ, ಅದನ್ನು ಹೇಳಬೇಕು. ಯಲಬುರ್ಗಾಕ್ಕೆ ಫೋನು ಹಚ್ಚಿದ. ಹುಡುಗಿ ಕೆಲಸ ಬಿಡುವುದಿಲ್ಲ ಎಂದ. ಆ ಕಡೆ ಹುಡುಗನ ತಾಯಿಯೇ ಇದ್ದಳು ಅಂತ ಕಾಣುತ್ತದೆ, ಬಹಳ ಹೊತ್ತು ಮಾತು ಬಂತು. ಇವನು ಹೂಂ ಹೂಂ ಎಂದು ಫೋನು ಕೆಳಗಿಟ್ಟ.

"ಬ್ಯಾರೆ ಕಡೆ ನೋಡ್ಕೋತಾರಂತ."

"ನೋಡ್ಕೊಳ್ಳಿ."

"ಆತು, ಮುಂದ ಇನ್ನೊಬ್ಬರು ಬರ್ತಾರ. ಅವರೂ ಕೇಳ್ತಾರ, ಏನ್ ಕೆಲಸ ಅಂತ. ಏನ್ ಹೇಳಲಿ ನಾನು?"

"ನೀ ಏನೂ ಹೇಳಬ್ಯಾಡ. ಹುಡುಗನ್ನ ಗಂಗಾವತಿಗೆ ಕಳಸ್ರಿ ಅನ್ನು. ಆಕಿ ಜೋಡಿ ಒಂದು ದಿನ ಆ ಬೀಳಿನ್ಯಾಗ ತಿರಗಿ ಬರಲಿ. ಅವಗ ತಿಳಿದ್ರ ನನಗೂ ಬಂದು ಹೇಳಲಿ."

ಮಗ ಎದ್ದು ಹೊಲಕ್ಕೆ ಹೋದ. ಸೊಸೆ ಅಮಾವಾಸ್ಯೆಯವರೆಗೆ ನನ್ನ ಜೊತೆ ಮಾತು ಬಿಟ್ಟಳು.